ಉಡುತಡಿಯಿಂದ ಕಲ್ಯಾಣಕ್ಕೊಂದು ಗೆರೆ

ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಅಕ್ಕಮಹಾದೇವಿಯ ಪ್ರತಿಮೆ ದೂರದಿಂದಲೇ ಕಾಣುತ್ತದೆ. ಸುತ್ತ ಮೆಕ್ಕೆಜೋಳದ ಹೊಲ, ತಗ್ಗಿನಲ್ಲಿ ಭತ್ತದ ಗದ್ದೆ, ಅಲ್ಲಲ್ಲಿ ಅಡಿಕೆ ತೋಟ. ಮಲೆನಾಡು ಎಲ್ಲಿ ಮುಗಿಯಿತು, ಬಯಲುಸೀಮೆ ಎಲ್ಲಿ ಶುರುವಾಯಿತು ಎಂದು ಹೇಳಲಾಗದ ಸೀಮೆ ಇದು. ಶಿರಾಳಕೊಪ್ಪದ ಕಡೆಯಿಂದ ಬಂದ ಹೆಂಗಸರು ಕತ್ತೆತ್ತಿ ನೋಡಿ ಕೈಮುಗಿಯುತ್ತಾರೆ. ‘ಇಲ್ಲಿಂದ ಕಲ್ಯಾಣದ ತನಕ ನಡ್ಕೊಂಡೇ ಹೋದ್ಲಂತೆ ಕಣೇ’ ಎಂದು ಒಬ್ಬಾಕೆ ಹೇಳಿದರೆ, ‘ಎಷ್ಟು ದೂರ ಆಗ್ಬೋದು?’ ಎಂದು ಇನ್ನೊಬ್ಬಾಕೆ ಕೇಳುತ್ತಾಳೆ.

ಹಕ್ಕಿ ಹಾರಿದಂತೆ ಅಳೆದರೆ ಉಡುತಡಿಯಿಂದ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಸುಮಾರು 430 ಕಿ.ಮೀ. ನಕ್ಷೆ ಹಾಸಿ ಗೆರೆ ಎಳೆದು ನೋಡಿ. ಅದು ಹಾವೇರಿ ಸೀಮೆ ಹಾದು, ಗದಗಿನ ಎರೆನೆಲ ದಾಟಿ, ಸರಿಸುಮಾರು ನಡುದಾರಿಯಲ್ಲಿ ಕೂಡಲಸಂಗಮದ ಮಗ್ಗುಲಿಗೇ ಬರುತ್ತದೆ. ಮಲಪ್ರಭೆ ಕೃಷ್ಣೆಯನ್ನು ಕೂಡುವ ಜಾಗ. ಬಸವಣ್ಣನವರು ಎಳವೆ ಕಳೆದ ನೆಲ. ಅಲ್ಲಿಂದ ಮುಂದೆ ಭೀಮೆ, ಕಲಬುರಗಿಯ ತೊಗರಿ ಹೊಲಗಳು, ಕೊನೆಗೆ ಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ, ಗೆರೆಗಿಂತ ಉದ್ದವಾದ ಸುತ್ತುಹಾದಿಯಲ್ಲಿ ದಿನಕ್ಕೆ 25 ಕಿ.ಮೀ. ನಡೆದರೂ, ಹೊಳೆ ದಾಟಲು ಹರಿಗೋಲಿಗೆ ಕಾದು ಕುಳಿತ ಹೊತ್ತು ಬಿಟ್ಟು, ಮೂರು ವಾರದ ಹಾದಿ.

ಈಗ ವಿಮಾನದ ಲೆಕ್ಕ. ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು. ಕಮಲದಾಕಾರದ ಕಟ್ಟಡ, 3,200 ಮೀಟರಿನ ರನ್‌ವೇ. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಬಂದಿಳಿಯಿತು. ನವೆಂಬರಿನಲ್ಲಿ ಹೈದರಾಬಾದಿಗೂ ಹಾರಾಟ ಶುರುವಾಯಿತು. ಸೋಗಾನೆಯಿಂದ ಹೈದರಾಬಾದಿಗೆ ಆಕಾಶಮಾರ್ಗ 480 ಕಿ.ಮೀ. ಆಸುಪಾಸು, ಗಾಳಿಯಲ್ಲಿರುವುದು ಒಂದು ಗಂಟೆಯ ಮೇಲೆ ಸ್ವಲ್ಪ.

ಆದರೆ ಪ್ರಯಾಣ ಗಾಳಿಯಲ್ಲಷ್ಟೇ ನಡೆಯುವುದಿಲ್ಲ. ಶಿಕಾರಿಪುರದಿಂದ ಶಿವಮೊಗ್ಗಕ್ಕೇ 50 ಕಿ.ಮೀ.ಗೂ ಹೆಚ್ಚು. ನಿಲ್ದಾಣದಲ್ಲಿ ಬ್ಯಾಗು ತೂಗಿಸಿ, ತಪಾಸಣೆ ಮುಗಿಸಿ ಕಾಯಬೇಕು. ಹೈದರಾಬಾದಿನಲ್ಲಿ ಇಳಿದ ಮೇಲೂ ಕಲ್ಯಾಣಕ್ಕೆ ಮೂರ್ನಾಲ್ಕು ಗಂಟೆಯ ರಸ್ತೆ. ಮುಂಜಾನೆ ಉಡುತಡಿ ಬಿಟ್ಟವರು ಕಲ್ಯಾಣದಲ್ಲಿ ರಾತ್ರಿಯೂಟಕ್ಕೆ ಕೂರಬಹುದು. ಮೂರು ವಾರ ಒಂದು ಹಗಲಿಗೆ ಇಳಿದಿದೆ. ಒಂದು ಗಂಟೆಗಂತೂ ಇಳಿದಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಸ್ವಾರಸ್ಯದ್ದು. ಅಕ್ಕ ಹೊರಟದ್ದು ಚೆನ್ನಮಲ್ಲಿಕಾರ್ಜುನನಿಗಾಗಿ, ಅವನಿರುವುದು ಶ್ರೀಶೈಲದಲ್ಲಿ. ಉಡುತಡಿಯಿಂದ ಶ್ರೀಶೈಲಕ್ಕೆ ನೇರ ಗೆರೆ ಎಳೆದರೆ 440 ಕಿ.ಮೀ. ಆಸುಪಾಸು. ಶರಣರ ಕಥೆ ಹೇಳುವಂತೆ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಶ್ರೀಶೈಲಕ್ಕೆ ತಿರುಗಿದರೆ 700 ಕಿ.ಮೀ. ದಾಟುತ್ತದೆ. ಆ ಸುತ್ತಿನಲ್ಲೇ ಅನುಭವ ಮಂಟಪವಿತ್ತು. ಅಲ್ಲಿ ಅಲ್ಲಮಪ್ರಭು ಕೇಳಿದ ಕಟುವಾದ ಪ್ರಶ್ನೆಗಳೂ ಅಕ್ಕ ಕೊಟ್ಟ ಉತ್ತರಗಳೂ ಶೂನ್ಯಸಂಪಾದನೆಯಲ್ಲಿ ಉಳಿದಿವೆ. ತಮಾಷೆಯೆಂದರೆ ಅಲ್ಲಮನೂ ಇದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯವನು. ನೆರೆಯೂರಿನ ಇಬ್ಬರು ಮುಖಾಮುಖಿಯಾಗಿ ಕೂತು ಮಾತಾಡಿದ್ದು 400 ಕಿ.ಮೀ. ಆಚೆ! ಹತ್ತಿರದ ದಾರಿ ಹಿಡಿದಿದ್ದರೆ ಕನ್ನಡಕ್ಕೆ ಆ ಮಾತುಕತೆಯೇ ಸಿಗುತ್ತಿರಲಿಲ್ಲ.

ಆದ್ದರಿಂದ ಸೋಗಾನೆಯಲ್ಲಿ ಇಳಿದು ಉಡುತಡಿಗೆ ಬರುವವರಿಗೆ ಒಂದು ಮಾತು: ಸಂಜೆಯ ವಿಮಾನಕ್ಕೇ ಮರಳುವ ಅವಸರ ಬೇಡ. ಇಡೀ ದಿನ ಇಟ್ಟುಕೊಳ್ಳಿ. ಬಳ್ಳಿಗಾವೆಗೆ ಹೋಗಿ ಕೇದಾರೇಶ್ವರ, ತ್ರಿಪುರಾಂತಕ ಗುಡಿಗಳನ್ನು ನೋಡಿ, ತಾಳಗುಂದದ ಕಂಬಶಾಸನವನ್ನೂ ನೋಡಿಕೊಂಡೇ ಹೊರಡಿ.