ಮೂರು ವಿಷಯ ನೀಟ್‌ಗೆ, ನಾಲ್ಕನೆಯದು ಯಾರಿಗೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನವೇ ಪಿಯು ಕಾಲೇಜುಗಳ ಕಚೇರಿ ಮುಂದೆ ಸಾಲು ಹತ್ತುತ್ತದೆ. ಅಂಕಪಟ್ಟಿಯ ಜೆರಾಕ್ಸ್ ಹಿಡಿದ ಅಪ್ಪ, ಪಕ್ಕದಲ್ಲಿ ಸುಮ್ಮನೆ ನಿಂತ ಮಗಳು. ‘ಯಾವ ಕಾಂಬಿನೇಷನ್?’ ಎಂದು ಗುಮಾಸ್ತರು ಕೇಳಿದರೆ ಉತ್ತರ ಬರುವುದು ಅಪ್ಪನಿಂದ: ‘ಪಿಸಿಎಂಬಿ ಬರ್ಕೊಳ್ಳಿ ಸರ್. ಡಾಕ್ಟರ್ ಆಗ್ಲಿ ಅಂತ ಆಸೆ. ಆಗ್ದಿದ್ರೆ ಇಂಜಿನಿಯರಿಂಗ್ ಇದ್ದೇ ಇದೆ.’ ಮುಂದಿನ ಪ್ರಶ್ನೆ, ‘ಲ್ಯಾಂಗ್ವೇಜ್?’ ‘ಯಾವುದ್ರಲ್ಲಿ ಜಾಸ್ತಿ ಮಾರ್ಕ್ಸ್ ಬರುತ್ತೋ ಅದು ಹಾಕಿ.’ ಅಲ್ಲಿಗೆ ಮುಗಿಯಿತು. ಎರಡು ವರ್ಷದ ಓದು ಎರಡು ನಿಮಿಷದಲ್ಲಿ ತೀರ್ಮಾನವಾಗಿರುತ್ತದೆ.

ನಮ್ಮ ರಾಜ್ಯದ ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಎಂಬಿಬಿಎಸ್ ಕನಸಿನವರಿಗೆ ಇದರಲ್ಲಿ ನಾಲ್ಕು ಮೊದಲೇ ನಿಗದಿಯಾಗಿವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಲೇಬೇಕು, ಜೊತೆಗೆ ಇಂಗ್ಲಿಷ್ ಪಾಸಾಗಿರಬೇಕು. ಇವುಗಳಲ್ಲಿ ಆಯ್ಕೆಯ ಮಾತೇ ಇಲ್ಲ. ನಿಜವಾಗಿ ಆರಿಸಲು ಸಿಗುವುದು ನಾಲ್ಕನೆಯ ಐಚ್ಛಿಕ ವಿಷಯ ಮತ್ತು ಇನ್ನೊಂದು ಭಾಷೆ, ಈ ಎರಡೇ. ಯಾರೂ ಕೂತು ಯೋಚಿಸದಿರುವುದೂ ಈ ಎರಡರ ಬಗ್ಗೆಯೇ.

ಮೊದಲು ನೀಟ್‌ನ ತೂಕ ನೋಡೋಣ. ಹಿಂದೆ ಕರ್ನಾಟಕದ ಮಕ್ಕಳಿಗೆ ಸಿಇಟಿಯೇ ವೈದ್ಯಕೀಯದ ಬಾಗಿಲಾಗಿತ್ತು. 2013ರಲ್ಲಿ ಒಮ್ಮೆ ನೀಟ್ ನಡೆದು, ಅದೇ ವರ್ಷ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, 2016ರಲ್ಲಿ ತನ್ನ ಆದೇಶವನ್ನು ತಾನೇ ಹಿಂಪಡೆಯಿತು. 2017ರಿಂದ ರಾಜ್ಯದ ಎಲ್ಲ ಎಂಬಿಬಿಎಸ್ ಸೀಟುಗಳಿಗೂ ನೀಟ್ ರ‍್ಯಾಂಕೇ ಆಧಾರ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗತೊಡಗಿದ್ದು ಅದೇ ವರ್ಷ. ಈಗ 180 ಪ್ರಶ್ನೆ, ಮೂರು ಗಂಟೆ, 720 ಅಂಕ. ಸರಿ ಉತ್ತರಕ್ಕೆ ನಾಲ್ಕು ಅಂಕ ಬರುತ್ತದೆ, ತಪ್ಪಿದರೆ ಒಂದು ಹೋಗುತ್ತದೆ. 90 ಪ್ರಶ್ನೆ ಜೀವಶಾಸ್ತ್ರದ್ದು, ಉಳಿದ ಎರಡು ವಿಷಯಕ್ಕೆ ತಲಾ 45. ಅಂದರೆ 360 ಅಂಕ ಜೀವಶಾಸ್ತ್ರವೊಂದರಲ್ಲೇ ಇದೆ.

ಇನ್ನು ಪಿಯುಸಿ ಅಂಕಗಳು. ಸಾಮಾನ್ಯ ವರ್ಗದವರು ಪಿಸಿಬಿ ಮೂರೂ ಸೇರಿ ಶೇ 50, ಮೀಸಲು ವರ್ಗದವರು ಶೇ 40 ತೆಗೆದರೆ ಅರ್ಹತೆ ಬಂತು. ಅದರಾಚೆ ಎಷ್ಟೇ ಬಂದರೂ ಎಂಬಿಬಿಎಸ್ ರ‍್ಯಾಂಕಿಗೆ ಸೇರುವುದಿಲ್ಲ. ಗಣಿತದ ನೂರಕ್ಕೆ ನೂರೂ ಸೇರುವುದಿಲ್ಲ, ಭಾಷೆಯ ನೂರಕ್ಕೆ ನೂರೂ ಸೇರುವುದಿಲ್ಲ. ಈ ಒಂದು ಸಂಗತಿಯನ್ನು ಪೋಷಕರು ಮನಸ್ಸಿನಲ್ಲಿಟ್ಟುಕೊಂಡು ಅರ್ಜಿ ತುಂಬಿಸಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಹಾಗಾದರೆ ಗಣಿತ ಬಿಡಬಹುದಲ್ಲ? ನಿಯಮದ ಮಟ್ಟಿಗೆ ಖಂಡಿತ ಬಿಡಬಹುದು. ಸಿಬಿಎಸ್‌ಇ ಶಾಲೆಗಳಲ್ಲಿ ಪಿಸಿಬಿ ಜೊತೆ ಮನಶ್ಶಾಸ್ತ್ರವನ್ನೋ ದೈಹಿಕ ಶಿಕ್ಷಣವನ್ನೋ ತೆಗೆದುಕೊಳ್ಳುವ ಮಕ್ಕಳು ಬಹಳ. ನಮ್ಮ ಪಿಯು ಕಾಲೇಜುಗಳಲ್ಲಿ ಅಂಥ ಅವಕಾಶ ಕಡಿಮೆ. ತಾಲ್ಲೂಕು ಮಟ್ಟಕ್ಕೆ ಹೋದರೆ ಜೀವಶಾಸ್ತ್ರ ಬೇಕೆಂದವರಿಗೆ ಪಿಸಿಎಂಬಿ ಒಂದೇ ದಾರಿ ಎನ್ನುವ ಊರುಗಳೇ ಹೆಚ್ಚು. ಅವಕಾಶ ಇದ್ದಾಗಲೂ ಗಣಿತ ಬಿಡುವ ಮುನ್ನ ಒಮ್ಮೆ ಭೌತಶಾಸ್ತ್ರದ ಪುಸ್ತಕ ತೆರೆದು ನೋಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಪ್ರಥಮ ಪಿಯು ಭೌತಶಾಸ್ತ್ರದಲ್ಲಿ ಮೊದಲ ಪಾಠಗಳಲ್ಲೇ ಸರಳರೇಖೆಯಲ್ಲಿ ಚಲನೆ ಬರುತ್ತದೆ. ವೇಗ ಎಂದರೆ ಸ್ಥಾನದ ಅವಕಲನ ಎಂದು ಉಪನ್ಯಾಸಕರು ಬೋರ್ಡಿನ ಮೇಲೆ ಬರೆಯುತ್ತಾರೆ. ಅವಕಲನ ಎಂದರೇನು ಎಂಬ ಪಾಠ ಗಣಿತದ ಪುಸ್ತಕದಲ್ಲಿ ಇರುವುದು ಕೊನೆಯ ಭಾಗದಲ್ಲಿ, ವರ್ಷ ಮುಗಿಯುತ್ತಾ ಬಂದಾಗ. ಭೌತಶಾಸ್ತ್ರದಲ್ಲಿ ಆ ಚಲನೆಯ ಪಾಠದ ಹಿಂದೆಯೇ ಸದಿಶಗಳು ಬರುತ್ತವೆ. ಗಣಿತದಲ್ಲಿ ಸದಿಶ ಬೀಜಗಣಿತ ಸಿಗುವುದು ದ್ವಿತೀಯ ಪಿಯುಗೆ. ರಸಾಯನಶಾಸ್ತ್ರದಲ್ಲಿ ಪಿಎಚ್ ಲೆಕ್ಕ ಮಾಡಲು ಲಾಗರಿದಮ್ ಬೇಕು, ಹತ್ತನೇ ತರಗತಿಯವರೆಗೆ ಅದನ್ನು ಯಾರೂ ಕಲಿಸಿರುವುದಿಲ್ಲ. ಗಣಿತ ತೆಗೆದುಕೊಂಡ ಹುಡುಗನಿಗೂ ಜೂನ್, ಜುಲೈನಲ್ಲಿ ಕಣ್ಣು ಕತ್ತಲೆ ಬರುವುದು ಇದಕ್ಕೇ. ಬಿಟ್ಟವನಿಗೆ ಆ ಕತ್ತಲೆ ವರ್ಷವಿಡೀ ಉಳಿದುಬಿಡುವ ಅಪಾಯವಿದೆ. ಜೀವಶಾಸ್ತ್ರದಲ್ಲಿ ಚೆನ್ನಾಗಿ ಅಂಕ ಬಂದೂ ನೀಟ್‌ನಲ್ಲಿ ಹಿಂದೆ ಬೀಳುವ ಮಕ್ಕಳನ್ನು ಕೇಳಿದರೆ ಬಹುತೇಕರು ಹೇಳುವುದು ಒಂದೇ ಮಾತು: ‘ಫಿಸಿಕ್ಸ್ ಕೈಕೊಡ್ತು.’

ಎಂಬಿಬಿಎಸ್ ಸೇರಿದ ಮೇಲೂ ಲೆಕ್ಕ ಬೆನ್ನು ಬಿಡುವುದಿಲ್ಲ. ಎಂಟು ಕಿಲೋ ತೂಕದ ಮಗುವಿಗೆ ಜ್ವರ ಎಂದುಕೊಳ್ಳಿ. ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಒಂದು ಸಲಕ್ಕೆ 120 ಮಿಲಿಗ್ರಾಂ ಪ್ಯಾರಾಸಿಟಮಾಲ್. ಅಂಗಡಿಯಲ್ಲಿ ಸಿಗುವ ಒಂದು ಸಿರಪ್‌ನಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಇರುತ್ತದೆ, ಇನ್ನೊಂದರಲ್ಲಿ 5 ಎಂಎಲ್‌ಗೆ 250, ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100. ಮೊದಲನೆಯದಾದರೆ 4.8 ಎಂಎಲ್, ಎರಡನೆಯದಾದರೆ 2.4, ಡ್ರಾಪ್ಸ್ ಆದರೆ 1.2. ಅದೇ ಔಷಧ, ಅದೇ ಮಗು, ಮೂರು ಅಳತೆ. ರಾತ್ರಿ ಎರಡು ಗಂಟೆಗೆ, ಹೊರಗೆ ಹತ್ತು ಜನ ಕಾಯುತ್ತಿರುವಾಗ ಈ ಲೆಕ್ಕ ತಪ್ಪದೆ ಬರಬೇಕು. ರಕ್ತದ ಪಿಎಚ್ 7.4ರಿಂದ 7.1ಕ್ಕೆ ಇಳಿದರೆ ನೋಡುವವರಿಗೆ ಅದು ಸಣ್ಣ ಅಂತರ, ಲಾಗರಿದಮ್ ಗೊತ್ತಿದ್ದವರಿಗೆ ಮಾತ್ರ ಆಮ್ಲದ ಅಯಾನುಗಳು ಎರಡು ಪಟ್ಟಾದದ್ದು ಕಾಣುತ್ತದೆ. ಕೊಳವೆಯ ತ್ರಿಜ್ಯ ಅರ್ಧಕ್ಕೆ ಇಳಿದರೆ, ಒತ್ತಡ ಅಷ್ಟೇ ಇದ್ದರೂ, ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಿರಿದಾದ ರಕ್ತನಾಳ ಯಾಕೆ ಅಷ್ಟು ಅಪಾಯ ಎಂಬುದು ಇದರಿಂದಲೇ ಅರ್ಥವಾಗುವುದು.

ಗಣಿತ ಇಟ್ಟುಕೊಳ್ಳಲು ಇನ್ನೊಂದು ಕಾರಣವಿದೆ, ಅದನ್ನು ಮನೆಯಲ್ಲಿ ಬಾಯಿ ಬಿಟ್ಟು ಹೇಳಿಕೊಳ್ಳುವುದು ಕಷ್ಟ. 2025ರಲ್ಲಿ ದೇಶದಲ್ಲಿ 22 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು. ಎಂಬಿಬಿಎಸ್ ಸೀಟುಗಳು ಒಂದು ಲಕ್ಷ ದಾಟಿವೆ, ಎರಡು ಲಕ್ಷ ಮುಟ್ಟಿಲ್ಲ. ಅದರಲ್ಲೂ ಸರ್ಕಾರಿ ಶುಲ್ಕದ ಸೀಟು ಇನ್ನೂ ಕಡಿಮೆ. ಶ್ರದ್ಧೆಯಿಂದ ಓದಿದ ಮಕ್ಕಳಲ್ಲೂ ಬಹುಪಾಲು ಮಂದಿಗೆ ಸೀಟು ಸಿಗುವುದಿಲ್ಲ ಎಂಬುದನ್ನು ಹದಿನಾರನೇ ವಯಸ್ಸಿನಲ್ಲೇ, ಪ್ರೀತಿಯಿಂದ, ಅವರಿಗೆ ಹೇಳಬೇಕು. ಗಣಿತ ಕೈಯಲ್ಲಿದ್ದರೆ ಇಂಜಿನಿಯರಿಂಗ್ ತೆರೆದಿರುತ್ತದೆ, ಬಯೋಟೆಕ್ನಾಲಜಿ, ಬಯೋಮೆಡಿಕಲ್ ಇಂಜಿನಿಯರಿಂಗ್ ಕೂಡ. ಜೀವವಿಜ್ಞಾನದ ಸಂಶೋಧನೆಯ ಹಂಬಲವಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪದವಿ ಕೋರ್ಸ್ ಸೇರಬೇಕೆಂದರೂ ಗಣಿತ ಓದಿರಬೇಕು. ಇದು ಗೊತ್ತಾದಾಗ ಪಿಸಿಬಿ ಮಕ್ಕಳಿಗೆ ಆಗುವ ನಿರಾಸೆ ದೊಡ್ಡದು. ಗಣಿತವಿಲ್ಲದೆಯೂ ದಂತವೈದ್ಯ, ಆಯುರ್ವೇದ, ಹೋಮಿಯೋಪಥಿ, ಪಶುವೈದ್ಯ, ನರ್ಸಿಂಗ್, ಫಾರ್ಮಸಿ ಎಲ್ಲ ಇವೆ. ಇವುಗಳನ್ನು ‘ಏನೂ ಸಿಗದಿದ್ದರೆ’ ಎಂಬ ಸಾಲಿಗೆ ತಳ್ಳುವುದು ಅನ್ಯಾಯ. ಹಳ್ಳಿಗಳಲ್ಲಿ ದನಕ್ಕೆ ಕಾಯಿಲೆ ಬಂದ ರೈತನಿಗೆ ಪಶುವೈದ್ಯರಿಗಿಂತ ದೊಡ್ಡ ಡಾಕ್ಟರ್ ಯಾರಿದ್ದಾರೆ?

ಇಷ್ಟೆಲ್ಲ ಹೇಳಿದ ಮೇಲೂ, ಗಣಿತದ ಹೆಸರು ಕೇಳಿದರೆ ನಿದ್ದೆಗೆಡುವ ಮಗುವಿಗೆ ಅದನ್ನು ಹೇರಬಾರದು. ಇಂಜಿನಿಯರಿಂಗ್ ಸೀಟು ಬೇಕೆಂದರೆ ಸಿಇಟಿ ಅಂಕದ ಜೊತೆ ಪಿಯುಸಿ ಅಂಕವೂ ಅರ್ಧಕ್ಕರ್ಧ ಸೇರುತ್ತದೆ. ಹಾಗಾಗಿ ‘ಸುಮ್ಮನೆ ಇರಲಿ’ ಎಂದು ಹಾಕಿಸಿಕೊಂಡ ಗಣಿತ ಸುಮ್ಮನೆ ಇರುವುದಿಲ್ಲ, ಟೆಸ್ಟು, ಟ್ಯೂಷನ್ನು, ಸಿಇಟಿ ಎಂದು ದಿನದ ಕಾಲುಭಾಗ ತಿನ್ನುತ್ತದೆ. ಹತ್ತನೇ ತರಗತಿಯ ಗಣಿತವನ್ನು ಅಳುತ್ತಾ ದಾಟಿದ, ಆದರೆ ಮನೆಯಂಗಳದ ಪ್ರತಿ ಗಿಡದ ಹೆಸರು ಗೊತ್ತಿರುವ ಹುಡುಗಿಯನ್ನು ನಾಲ್ಕು ವಿಷಯದ ನಡುವೆ ಹಿಂಡುವುದಕ್ಕಿಂತ ಮೂರರಲ್ಲಿ ನೆಮ್ಮದಿಯಾಗಿ ಓದಲು ಬಿಡುವುದೇ ಸರಿ. ಆದರೆ ಆಕೆ ಹತ್ತರ ಘಾತಗಳು, ಲಾಗರಿದಮ್, ಸೈನ್-ಕಾಸ್, ಗ್ರಾಫಿನ ಇಳಿಜಾರು, ಸದಿಶಗಳ ಕೂಡುವಿಕೆ, ಅವಕಲನದ ಮೊದಲ ಪಾಠ, ಇಷ್ಟನ್ನು ಬೇಸಿಗೆ ರಜೆಯಲ್ಲೇ ಕಲಿತಿರಲಿ. ಭೌತಶಾಸ್ತ್ರಕ್ಕೆ ಬೇಕಾದದ್ದು ಹೆಚ್ಚುಕಮ್ಮಿ ಇದೇ. ಪರೀಕ್ಷೆಯ ಭಯವಿಲ್ಲದೆ ಕಲಿತರೆ ಗಣಿತ ಎಷ್ಟೋ ಮಕ್ಕಳಿಗೆ ಒಲಿಯುತ್ತದೆ ಕೂಡ.

ತಿರುಗುಮುರುಗಾದ ಪ್ರಶ್ನೆಯೂ ಇದೆ. ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ಓದಿ, ಕೊನೆಗೆ ಮನಸ್ಸು ಬದಲಿಸಿದವರು ಏನು ಮಾಡಬೇಕು? ಹಿಂದೆ ಅವರಿಗೆ ಬಾಗಿಲು ಮುಚ್ಚಿತ್ತು. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಪ್ರಕಟಣೆಯಂತೆ, ಹನ್ನೆರಡನೇ ತರಗತಿ ಮುಗಿದ ಮೇಲೆ ಮಾನ್ಯತೆ ಪಡೆದ ಮಂಡಳಿಯಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರೂ ನೀಟ್ ಬರೆಯಬಹುದು. ನೀಟ್‌ಗೆ ಈಗ ಗರಿಷ್ಠ ವಯೋಮಿತಿಯೂ ಇಲ್ಲ. ಹದಿನಾರರಲ್ಲಿ ಮಾಡಿದ ಆಯ್ಕೆ ಶಾಶ್ವತವಲ್ಲ ಎಂಬುದು ಎಲ್ಲ ಮಕ್ಕಳಿಗೂ ಗೊತ್ತಿರಬೇಕಾದ ವಿಷಯ.

ಪ್ರಥಮ ಪಿಯು ಬಗ್ಗೆಯೂ ಒಂದು ಮಾತು. ಅದು ಪಬ್ಲಿಕ್ ಪರೀಕ್ಷೆಯಲ್ಲ ಎಂದು ಹಗುರವಾಗಿ ತೆಗೆದುಕೊಳ್ಳುವ ಅಭ್ಯಾಸ ಹಳೆಯದು. ನೀಟ್ ಎರಡೂ ವರ್ಷದ ಪಾಠಗಳಿಂದ ಪ್ರಶ್ನೆ ಕೇಳುತ್ತದೆ. ಉಸಿರಾಟ, ರಕ್ತಪರಿಚಲನೆ, ಮೂತ್ರಪಿಂಡ, ನರಮಂಡಲ, ಹೀಗೆ ಮನುಷ್ಯನ ದೇಹ ಕೆಲಸ ಮಾಡುವ ಬಗೆ ಬಹುಪಾಲು ಇರುವುದು ಪ್ರಥಮ ಪಿಯು ಜೀವಶಾಸ್ತ್ರದಲ್ಲೇ. ಆ ಪಾಠಗಳು ಬೇಸರ ತರಿಸಿದರೆ, ಬರೀ ಬಾಯಿಪಾಠದ ಹೊರೆ ಎನಿಸಿದರೆ, ಡಾಕ್ಟರ್ ಆಗುವ ಆಸೆ ಯಾರದ್ದು ಎಂದು ಮನೆಯವರೆಲ್ಲ ಕೂತು ಮಾತಾಡಲು ಅದೇ ಸರಿಯಾದ ಹೊತ್ತು.

ಕೋಚಿಂಗ್‌ಗೆಂದು ಮಕ್ಕಳನ್ನು ಹೊರರಾಜ್ಯಕ್ಕೆ ಕಳಿಸುವವರು ಒಂದನ್ನು ನೋಡಿಕೊಳ್ಳಬೇಕು. ರಾಜ್ಯದ ಕೋಟಾದ ಸೀಟಿಗೆ ಸಾಮಾನ್ಯವಾಗಿ ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿ, ಎಸ್ಸೆಸ್ಸೆಲ್ಸಿಯನ್ನೋ ಪಿಯುಸಿಯನ್ನೋ ಇಲ್ಲೇ ಪಾಸು ಮಾಡಿರಬೇಕು. ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಇದನ್ನು ಪಡೆಯಲು ಪರೀಕ್ಷಾ ಪ್ರಾಧಿಕಾರದ ಅರ್ಜಿಯಲ್ಲೇ ಕೇಳಿಕೊಂಡಿರಬೇಕು. ಕೊನೆ ಗಳಿಗೆಯಲ್ಲಿ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಕಚೇರಿ ಅಲೆಯುವ ಬದಲು ಪಿಯು ಸೇರುವಾಗಲೇ ಹಳೆಯ ಶಾಲೆಗಳಿಂದ ಬೇಕಾದ ಕಾಗದ ಮಾಡಿಸಿಟ್ಟುಕೊಳ್ಳುವುದು ಲೇಸು.

ಈಗ ಭಾಷೆಯ ಮಾತಿಗೆ ಬರೋಣ. ವಿಜ್ಞಾನದ ಮಕ್ಕಳು ಕನ್ನಡ ಬಿಟ್ಟು ಬೇರೆ ಭಾಷೆ ಹಿಡಿಯುವುದು ಅಂಕಕ್ಕಾಗಿ ಎನ್ನುತ್ತಾರೆ. ಸಂಸ್ಕೃತವೋ ಹಿಂದಿಯೋ ಇಷ್ಟಪಟ್ಟು ಕಲಿಯುವವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೆಡಿಕಲ್ ಸೀಟಿಗೆ ಭಾಷೆಯ ಅಂಕ ಸೇರುವುದೇ ಇಲ್ಲವಾದಾಗ, ಅಂಕಕ್ಕಾಗಿ ಕನ್ನಡ ಬಿಡುವುದರಲ್ಲಿ ಯಾವ ಅರ್ಥವೂ ಇಲ್ಲ. ನಷ್ಟ ಮಾತ್ರ ಖಚಿತ. ಆ ಮಗು ಮುಂದೆ ಹೌಸ್ ಸರ್ಜನ್ ಆಗಿ ನಿಲ್ಲುವುದು ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ. ಮಂಡ್ಯದ ಅಜ್ಜಿ ‘ಸಂಕಟ ಆಯ್ತದೆ ಕಣಪ್ಪ’ ಎನ್ನುತ್ತಾಳೆ, ಅದು ಎದೆಯದ್ದೋ ಹೊಟ್ಟೆಯದ್ದೋ ಕೇಳಿ ತಿಳಿಯಬೇಕು. ಧಾರವಾಡದ ಕಡೆಯವರು ‘ಎದಿ ಹಿಡದಂಗ ಆಗೈತ್ರಿ’ ಎಂದರೆ ಇಸಿಜಿಗೆ ಓಡಬೇಕೋ, ಕೆಮ್ಮು ಎಷ್ಟು ದಿನದ್ದು ಎಂದು ಕೇಳಬೇಕೋ ತೀರ್ಮಾನಿಸಬೇಕು. ಕಾಲು ಜೋಮು ಹಿಡಿಯುವುದು ಬೇರೆ, ಸೆಳೆಯುವುದು ಬೇರೆ, ಉರಿಯುವುದು ಬೇರೆ. ರೋಗಿಯ ಮಾತಿನಿಂದಲೇ ಅರ್ಧ ರೋಗ ಪತ್ತೆಯಾಗುತ್ತದೆ ಎಂದು ಹಿರಿಯ ವೈದ್ಯರು ಹೇಳುತ್ತಲೇ ಬಂದಿದ್ದಾರೆ.

ವೈದ್ಯರು ಜನರ ಮಾತಿನಲ್ಲೇ ಬರೆಯುವ ಪರಂಪರೆಯೂ ಕನ್ನಡದಲ್ಲಿ ದೊಡ್ಡದು. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಬರೆದ ‘ತಾಯಿ ಮಗು’ ಓದಿ ಬಾಣಂತನ ನಿಭಾಯಿಸಿದ ಮನೆಗಳು ನಾಡಿನ ಉದ್ದಗಲಕ್ಕೂ ಇವೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಮನೋರೋಗದ ಬಗ್ಗೆ ಸರಳ ಕನ್ನಡದಲ್ಲಿ ಬರೆದು, ಹುಚ್ಚು ಎಂದು ಮುಚ್ಚಿಡುತ್ತಿದ್ದ ಕಾಯಿಲೆಗಳನ್ನು ಜನ ಬಾಯಿಬಿಟ್ಟು ಹೇಳುವಂತೆ ಮಾಡಿದರು. ಇವರ ಕನ್ನಡವನ್ನು ಇವರ ವೈದ್ಯಕೀಯದಿಂದ ಬೇರೆ ಮಾಡಿ ನೋಡಲಾಗುವುದಿಲ್ಲ.

2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಹೊಸ ಪಠ್ಯಕ್ರಮದಲ್ಲಿ ಕಾಲೇಜು ಸೇರಿದ ಕೂಡಲೇ ನಡೆಯುವ ಬುನಾದಿ ಕೋರ್ಸಿಗೆ ಸ್ಥಳೀಯ ಭಾಷೆಯ ಕಲಿಕೆಯನ್ನೂ ಸೇರಿಸಲಾಯಿತು. ಹೊರಗಿನಿಂದ ಬಂದ ವಿದ್ಯಾರ್ಥಿಗೆ ಅದು ಆರಂಭ. ಇಲ್ಲೇ ಹುಟ್ಟಿ ಬೆಳೆದ ಮಗುವಿಗೆ ಪಿಯುಸಿಯ ಎರಡು ವರ್ಷ ವಾರಕ್ಕೆ ಕೆಲವೇ ತಾಸು ಕನ್ನಡ ಓದುವ ಅವಕಾಶ ಮೊದಲೇ ಇದೆ. ಈ ವರ್ಷ ಅರ್ಜಿ ತುಂಬಿ ಆಗಿದ್ದರೂ, ತರಗತಿ ಶುರುವಾದ ಮೊದಲ ದಿನಗಳಲ್ಲಿ ಭಾಷೆಯನ್ನೂ ಕಾಂಬಿನೇಷನ್ನನ್ನೂ ಬದಲಿಸಲು ಎಷ್ಟೋ ಕಾಲೇಜುಗಳು ಒಪ್ಪುತ್ತವೆ. ಪ್ರಾಂಶುಪಾಲರನ್ನು ಹೋಗಿ ಕೇಳಬೇಕು, ಮತ್ತು ಈ ಸಲ ಮಗಳೇ ಮಾತಾಡಲಿ.