ಸಿಡುಕಿ ಅಜ್ಜಿ, ನಗುಮುಖದ ಅಜ್ಜ

ರಾಣೆಬೆನ್ನೂರಿನಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾನು, ಬಿಡುವಾದಾಗ ರೈಲು ಹತ್ತಿ ಬ್ಯಾಡಗಿಯ ಅಜ್ಜಿ ಮನೆಗೆ ಹೋಗುತ್ತೇನೆ. ಅವಳಿಗೀಗ 86. ಹರೆಯದಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವ ಕೂಲಿಗೆ ಹೋದವಳು. ಬಾಗಿಲಲ್ಲೇ ಶುರು: ‘ಎಂಟಕ್ಕ ಏಳಾಂವ್ಗ ಯಾರ್ ಕೊಡ್ತಾರೋ ನೌಕರಿ?’ ಅವಳ ಬಾಯಿಗೆ ಓಣಿಯೇ ಹೆದರುತ್ತದೆ. ಆದರೆ ಮಾತ್ರೆ ಒಂದು ಹೊತ್ತೂ ತಪ್ಪುವುದಿಲ್ಲ, ಹಾಲಿನ ಲೆಕ್ಕ ಒಂದು ದಿನವೂ ಬಾಕಿ ಉಳಿಯುವುದಿಲ್ಲ.

ಅಜ್ಜ ತದ್ವಿರುದ್ಧ. ಸದಾ ನಗು, ಬಾಯಲ್ಲಿ ಬೀಡಿ, ಬಿಪಿ ಮಾತ್ರೆ ಕೊಟ್ಟರೆ ‘ನಾಳೆ ತಗೊಂಡ್ರಾತು’. 49ಕ್ಕೇ ಹೋದರು. ಒಳ್ಳೆಯವರಿಗೆ ಆಯುಷ್ಯ ಕಡಿಮೆ ಎಂದು ಊರು ಹೇಳಿತಂತೆ. ನಾನು ಥೇಟ್ ಅಜ್ಜನಂತೆ ಎನ್ನುತ್ತಾರೆ ಮನೆಯಲ್ಲಿ. ಕಳೆದ ತಿಂಗಳು ಅರ್ಜಿ ತುಂಬುವುದನ್ನು ನಾಳೆ ನಾಳೆ ಎಂದು ಮುಂದೂಡಿ ಕೊನೆಯ ದಿನಾಂಕವನ್ನೇ ಕಳೆದುಕೊಂಡಾಗ ಆ ಮಾತು ಚುಚ್ಚಿತು.

ಮನೋವಿಜ್ಞಾನದ ನೋಟ್ಸ್ ತಿರುವುವಾಗ ಒಂದು ಅಧ್ಯಯನ ಸಿಕ್ಕಿತು. 1921ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಕ್ಯಾಲಿಫೋರ್ನಿಯಾದ ಸುಮಾರು 1,500 ಜಾಣ ಮಕ್ಕಳ ಸ್ವಭಾವವನ್ನು ದಾಖಲಿಸಲು ಆರಂಭಿಸಿದರು. ದಶಕಗಳ ನಂತರ ಹೊವಾರ್ಡ್ ಫ್ರೀಡ್‌ಮನ್ ಮತ್ತು ಸಂಗಡಿಗರು ಅವರಲ್ಲಿ ಯಾರು ಎಷ್ಟು ಬದುಕಿದರೆಂದು ಹುಡುಕಿ 1993ರಲ್ಲಿ ಪ್ರಕಟಿಸಿದರು. ಹೆಚ್ಚು ಬಾಳಿದವರು ಅಚ್ಚುಕಟ್ಟಾದ, ಹೊಣೆ ಅರಿತ ಮಕ್ಕಳು. ಸದಾ ನಗುತ್ತಿದ್ದ ಮಕ್ಕಳು ಸರಾಸರಿಯಲ್ಲಿ ತುಸು ಬೇಗ ಹೋಗಿದ್ದರು! ದೊಡ್ಡವರಾದ ಮೇಲೆ ಅವರಲ್ಲಿ ಸಿಗರೇಟು, ಕುಡಿತ, ‘ಏನಾಗಲ್ಲ ಬಿಡು’ ಎಂಬ ಧೈರ್ಯ ಜಾಸ್ತಿಯಿತ್ತು. ನಗು ಕೊಲ್ಲುತ್ತದೆಂದಲ್ಲ, ‘ಏನಾಗಲ್ಲ’ ಎಂಬುದು ಕೊಲ್ಲುತ್ತದೆ.

ಅದೇ 1921ರಲ್ಲಿ ಹಾವೇರಿ ತಾಲ್ಲೂಕಿನ ಕುರಬಗೊಂಡದಲ್ಲಿ ಹುಟ್ಟಿದವರು ಪಾಟೀಲ ಪುಟ್ಟಪ್ಪ. ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿ ಅವರ ಊರು. ಕನ್ನಡದ ವಿಷಯದಲ್ಲಿ ಮಂತ್ರಿಗಳನ್ನೂ ಬಿಡದ ನಿಷ್ಠುರ ನಾಲಿಗೆ. ಜಗಳ ಮೈಮೇಲೆ ಎಳೆದುಕೊಂಡರೆ ಆಯುಷ್ಯ ಸವೆಯುತ್ತದೆ ಎನ್ನುವವರಿಗೆ ಪಾಪು ಉತ್ತರದಂತಿದ್ದರು. ಧಾರವಾಡದ ವಿದ್ಯಾವರ್ಧಕ ಸಂಘದ ಹೊಣೆಯನ್ನು 50 ವರ್ಷಕ್ಕೂ ಮೀರಿ ಹೊತ್ತು, 2020ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಅವರಿಗೆ 99. ಒಬ್ಬರ ಬದುಕಿನಿಂದ ಸಿದ್ಧಾಂತ ಕಟ್ಟಬಾರದು, ಗೊತ್ತು. ಆದರೂ ನಮ್ಮ ಜಿಲ್ಲೆಯವರೆಂಬ ಹೆಮ್ಮೆಗೆ ಬರೆದೆ.

ಇನ್ನೊಂದು ಮಾತು. ಟರ್ಮನ್‌ನ ಮಕ್ಕಳು ಬಹುಪಾಲು ಅನುಕೂಲಸ್ಥರು. ಹಾವೇರಿ ಆಸ್ಪತ್ರೆಗೆ ಬರಲು ಬಸ್ ಚಾರ್ಜಿಗೆ ತಡಕಾಡುವವರು ಬೇಗ ಸತ್ತರೆ ಸ್ವಭಾವವನ್ನು ದೂರುವುದು ಅನ್ಯಾಯ. ನನ್ನಜ್ಜನಿಗೂ ಪೂರ್ತಿ ನ್ಯಾಯ ಮಾಡಿದ್ದೇನೆಂದು ನನಗನ್ನಿಸುವುದಿಲ್ಲ.

ನನಗೆ ಆಸೆ ಹುಟ್ಟಿಸಿದ ಸಂಗತಿ ಬೇರೆ. ಸ್ವಭಾವ ಕಲ್ಲಲ್ಲಿ ಕೊರೆದದ್ದಲ್ಲವಂತೆ. ಇಪ್ಪತ್ತರಿಂದ ನಲವತ್ತರ ನಡುವೆ ಹೆಚ್ಚಿನವರಲ್ಲಿ ಅಚ್ಚುಕಟ್ಟುತನ ಬೆಳೆಯುತ್ತದೆ. ಕೆಲಸ, ಸಂಸಾರದ ಹೊಣೆ ಅದನ್ನು ಕಲಿಸುತ್ತವೆ. ನೌಕರಿಯೇ ಸಿಗದವನು ಎಲ್ಲಿ ಕಲಿಯಬೇಕು ಎಂಬ ಪ್ರಶ್ನೆಗೆ ಮಾತ್ರ ನೋಟ್ಸ್‌ನಲ್ಲಿ ಉತ್ತರವಿರಲಿಲ್ಲ.

ಮೊನ್ನೆ ಅಜ್ಜಿಯನ್ನೇ ಕೇಳಿದೆ, ‘ನೀ ಸಣ್ಣಾಕಿದ್ದಾಗಿಂದ ಹಿಂಗ ಲೆಕ್ಕದಾಕಿ ಏನು?’

‘ನಾ ಎಲ್ಲಿ ಹಿಂಗಿದ್ದೆ? ಕೂಲಿ ರೊಕ್ಕ ಬಂದ ದಿನಾನ ಸಂತ್ಯಾಗ ಖರ್ಚ್ ಮಾಡಿ ಬರತಿದ್ದೆ. ನಿಮ್ಮಜ್ಜ ಹ್ವಾದ ಮ್ಯಾಲ ಲೆಕ್ಕ ಇಡಾಕ ಯಾರಿದ್ರು?’ ಎಂದವಳೇ ಕ್ಯಾಲೆಂಡರ್ ಕೆಳಗಿಳಿಸಿ ಪೆನ್ನು ಚಾಚಿದಳು. ‘ಮುಂದಿನ ಅರ್ಜಿ ಕಡೀ ತಾರೀಖು ಯಾವುದು? ಬರಿ ಇಲ್ಲೆ.’