ಕತ್ತಲೆಗೆ ಕಣ್ಣು ಕೊಟ್ಟ ಕಾರಖಾನೆ

ಬಂಗಾರಪೇಟೆಯಲ್ಲಿ ರೈಲು ಬದಲಾಯಿಸಿ ಕೋಲಾರದ ಚಿನ್ನದ ಗಣಿಗಳಿಗೆ ಹೋಗುವವರು ಅಲ್ಲಿಯ ಸೈನೈಡ್ ಮಣ್ಣಿನ ದಿಬ್ಬಗಳನ್ನು ಬಲ್ಲರು. ಗಣಿಗಳು 2001ರಲ್ಲಿ ಮುಚ್ಚಿದುವು. ಆದರೆ 1965ರಲ್ಲಿ ಅಲ್ಲಿಯ ಚಾಂಪಿಯನ್ ರೀಫ್ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ಚಿನ್ನಕ್ಕಿಂತಲೂ ದುರ್ಲಭವಾದುದೊಂದು ಸಿಕ್ಕಿತು. ನ್ಯೂಟ್ರಿನೊ ಎಂಬ ಸೂಕ್ಷ್ಮಕಣವು ಬಂಡೆಯನ್ನು ತಾಕಿದುದರ ಕುರುಹು ನಿಯಾನ್ ಕೊಳವೆಗಳಲ್ಲಿ ಕ್ಷಣಮಾತ್ರ ಮಿನುಗಿತು. ಕ್ಯಾಮರಾ ಆ ಮಿನುಗನ್ನು ಹಿಡಿದಿಟ್ಟಿತು.

ಅಲ್ಪವಾದ ಬೆಳಕನ್ನು ಹಿಡಿಯುವ ಈ ಶಕ್ತಿ ಕ್ಯಾಮರಾಕ್ಕೆ ಹುಟ್ಟಿನೊಡನೆ ಬಂದುದಲ್ಲ. ಅದನ್ನು ದೊರಕಿಸಿಕೊಟ್ಟವರ ಕಥೆಯನ್ನು ನಮ್ಮ ವಾಚಕರಿಗೆ ತಿಳಿಸಬಯಸುತ್ತೇವೆ.

1756ರಲ್ಲಿ ವಿಯೆನ್ನಾ ನಗರದಲ್ಲಿ ಯೋಹಾನ್ ಕ್ರಿಸ್ಟೋಫ್ ಫೋಯ್ಕ್ಟ್‌ಲೆಂಡರ್ ಎಂಬಾತನು ಅಳತೆಯ ಉಪಕರಣಗಳನ್ನು ಮಾಡುವ ಕಾರ್ಯಾಗಾರವೊಂದನ್ನು ತೆರೆದನು. ಆಗ ಛಾಯಾಚಿತ್ರವೆಂಬುದೇ ಇರಲಿಲ್ಲ. 1839ರಲ್ಲಿ ಫ್ರಾನ್ಸಿನ ದಾಗೇರನ ವಿಧಾನವು ಪ್ರಕಟವಾಯಿತು. ಬೆಳ್ಳಿ ಲೇಪಿಸಿದ ತಗಡಿನ ಮೇಲೆ ಬಿಂಬವೇನೋ ಮೂಡಿತು. ಆದರೆ ಅದಕ್ಕೆ ಹಲವು ನಿಮಿಷಗಳು ಬೇಕಾದುವು. ಕಟ್ಟಡಕ್ಕೆ ಅದು ಒಪ್ಪಿತು, ಮನುಷ್ಯನ ಮುಖಕ್ಕೆ ಒಪ್ಪಲಿಲ್ಲ. ಅಷ್ಟು ಹೊತ್ತು ರೆಪ್ಪೆ ಮಿಟುಕಿಸದೆ ಕೂಡುವವರಾರು?

ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಗಣಿತಾಚಾರ್ಯನಾಗಿದ್ದ ಯೋಸೆಫ್ ಪೆಟ್ಸ್‌ವಾಲನು ಈ ಕೊರತೆಯನ್ನು ಲೆಕ್ಕದಿಂದಲೇ ನೀಗಲು ಹೊರಟನು. ಲೆಕ್ಕದಲ್ಲಿ ನುರಿತ ಫಿರಂಗಿ ಪಡೆಯ ಸೈನಿಕರು ಅವನಿಗೆ ನೆರವಾದರು. 1840ರಲ್ಲಿ ಮಸೂರದ ಮಾದರಿ ಸಿದ್ಧವಾಯಿತು. ಕಾರಖಾನೆಯ ಸ್ಥಾಪಕನ ಮೊಮ್ಮಗನಾದ ಪೀಟರ್ ವಿಲ್ಹೆಲ್ಮ್ ಫ್ರೀಡ್ರಿಕನು ಆ ಗಾಜುಗಳನ್ನು ಉಜ್ಜಿ, ಹಿತ್ತಾಳೆಯ ಕ್ಯಾಮರಾದಲ್ಲಿ ಕೂಡಿಸಿದನು. ಒಳ್ಳೆಯ ಬಿಸಿಲಿದ್ದರೆ ಒಂದೆರಡು ನಿಮಿಷಗಳಲ್ಲಿಯೇ ಚಿತ್ರ ಸಿದ್ಧ! ಜೀವಂತ ಮುಖಗಳ ಪಟಗಳನ್ನು ಮನೆಮನೆಯ ಗೋಡೆಗೆ ತಂದ ದಾರಿ ಇಲ್ಲಿಂದ ತೆರೆಯಿತು.

ಲಾಭ ಬಂದೊಡನೆ ಸ್ನೇಹ ಮುರಿಯಿತು. ಪೆಟ್ಸ್‌ವಾಲನಿಗೆ ದೊರೆತುದು ಒಂದೇ ಸಲ ಕೊಟ್ಟ 2000 ಗುಲ್ಡನ್ ನಾಣ್ಯ. ಮಸೂರಗಳೋ ದೇಶದೇಶಗಳಿಗೆ ಮಾರಾಟವಾದುವು. ಆಸ್ಟ್ರಿಯಾದ ಹೊರಗೆ ಅವನ ಹಕ್ಕಿಗೆ ರಕ್ಷಣೆಯಿರಲಿಲ್ಲ. 1849ರಲ್ಲಿ ಫೋಯ್ಕ್ಟ್‌ಲೆಂಡರನು ಜರ್ಮನಿಯ ಬ್ರೌನ್‌ಶ್ವೈಗಿಗೆ ಕಾರಖಾನೆಯನ್ನು ಹೂಡಿದನು. ಆಚಾರ್ಯನು 1891ರಲ್ಲಿ ಕಾಲವಾದನು.

ಕಾರಖಾನೆಯ ಬಾಳು ದೀರ್ಘವಾಯಿತು. 1956ರಲ್ಲಿ ಅದು ಕಾರ್ಲ್ ಜೈಸ್ ಪ್ರತಿಷ್ಠಾನದ ಕೈಸೇರಿತು. ನಿಂತಲ್ಲಿಂದಲೇ ದೂರದ ನೋಟವನ್ನು ಹತ್ತಿರಕ್ಕೆ ಎಳೆಯುವ ಜೂಮ್ ಮಸೂರವನ್ನು 1959ರಲ್ಲಿ ಸಾಮಾನ್ಯ ಛಾಯಾಗ್ರಾಹಕರ ಕೈಗೆ ಮೊದಲು ಕೊಟ್ಟುದೂ ಇದೇ. 1970ರ ದಶಕದ ಮೊದಲಲ್ಲಿ ಬ್ರೌನ್‌ಶ್ವೈಗಿನ ಬಾಗಿಲು ಮುಚ್ಚಿತು. ಇಂದು ಆ ಹೆಸರಿನ ಮಸೂರಗಳನ್ನು ಮಾಡುವುದು ಜಪಾನಿನ ಕೋಸಿನಾ ಸಂಸ್ಥೆ.

ಚಿನ್ನದ ಮೇಲೆ ಅಂಗಡಿಯವನ ಮುದ್ರೆ ಬೀಳುವುದೇ ಹೊರತು ಬಂಡೆಯೊಡೆದವನ ಹೆಸರು ಬೀಳದೆಂಬುದನ್ನು ಗಣಿಯ ಊರಿನವರಿಗೆ ನಾವು ಹೇಳಬೇಕಾದುದಿಲ್ಲ. ಮಸೂರದ ವಿಷಯದಲ್ಲಿ ಕಾಲವು ಕೊಂಚ ನ್ಯಾಯ ಮಾಡಿದೆ. ಆ ಮಾದರಿಯನ್ನು ಬಲ್ಲವರು ಇಂದಿಗೂ ಪೆಟ್ಸ್‌ವಾಲ್ ಮಸೂರವೆಂದೇ ಕರೆಯುತ್ತಾರೆ. ಉಜ್ಜಿದ ಕೈಗೂ ಎಣಿಸಿದ ಬುದ್ಧಿಗೂ ಕೀರ್ತಿ ಸಮನಾಗಿ ಸಲ್ಲತಕ್ಕುದೆಂದು ನಾವು ಭಾವಿಸುತ್ತೇವೆ.